ಅನು ರಜೆ ಹಾಕಿದ ಮೂರು ದಿನ

ಮದರಾಸಿನ ಮೈಲಾಪೂರಿನ ಜಾನಕಮ್ಮನವರ ಯೋಗಶಾಲೆಯಲ್ಲಿ ಹಾಜರಿ ಪುಸ್ತಕವಿಲ್ಲ. ಅರವತ್ತೆಂಟು ವರ್ಷದ ಅವರ ತಲೆಯೇ ಪುಸ್ತಕ. ಹಳೆಯ ಫ್ಲ್ಯಾಟಿನ ಮಹಡಿಯಲ್ಲಿ ಬೆಳಿಗ್ಗೆ ಐದೂವರೆಗೆ ಹದಿನಾಲ್ಕು ಚಾಪೆ ಬೀಳುತ್ತವೆ. ಯಾರು ಬಂದರು, ಯಾರು ನಿನ್ನೆ ಮದುವೆ ಊಟ ಹೊಡೆದು ಇಂದು ಬಗ್ಗಲಾರದೆ ಒದ್ದಾಡುತ್ತಿದ್ದಾರೆ, ಎಲ್ಲವೂ ಅವರಿಗೆ ಗೊತ್ತು. ಅಷ್ಟಾಂಗ ಕಲಿಸುವ ಹಳೆಯ ಪದ್ಧತಿ ಅಲ್ಲಿಯದು. ಅವರವರ ಉಸಿರಿನ ಲೆಕ್ಕದಲ್ಲಿ ಅವರವರೇ, ಮಾತಿಲ್ಲದೆ ಮಾಡಬೇಕು. ಒಂದು ಆಸನ ಪಕ್ಕಾ ಆಗುವ ತನಕ ಮುಂದಿನದು ಸಿಗದು. ಮೈ ಬಗ್ಗದವರ ಸೊಂಟ ಹಿಡಿದು ಜಾನಕಮ್ಮ ತಾವೇ ತಿರುಗಿಸುತ್ತಾರೆ. ಆ ಕೈ ತಗುಲಿದರೆ ಮರದ ದಿಮ್ಮಿಯೂ ಬಳುಕುತ್ತದೆ ಅನ್ನುವ ಮಾತಿದೆ. ಶನಿವಾರ ರಜೆ, ಹುಣ್ಣಿಮೆ ಅಮಾವಾಸ್ಯೆಗೆ ರಜೆ, ಹೆಂಗಸರಿಗೆ ತಿಂಗಳ ಮೂರು ದಿನ ರಜೆ. ಆ ಮೂರು ದಿನಕ್ಕೆ ಯಾರೂ ಕಾರಣ ಹೇಳುವುದಿಲ್ಲ, ಕೇಳುವವರೂ ಇಲ್ಲ.

ಅನು ಅಲ್ಲಿಗೆ ಆರು ವರ್ಷದಿಂದ ಹೋಗುತ್ತಿದ್ದಾಳೆ. ಮಂಡ್ಯದ ಕಡೆಯವಳು, ವಯಸ್ಸು ನಲವತ್ತೊಂದು, ವಿಮಾ ಕಚೇರಿಯಲ್ಲಿ ಕೆಲಸ. ಗಂಡ ಮಂಜುನಾಥ್ ಎಣ್ಣೂರಿನಲ್ಲಿ ಎಂಜಿನಿಯರ್. ಮದುವೆಯಾಗಿ ಹದಿನಾರು ವರ್ಷವಾದರೂ ಮಕ್ಕಳಿಲ್ಲ. ಹತ್ತದ ಆಸ್ಪತ್ರೆಯ ಮೆಟ್ಟಿಲಿಲ್ಲ, ಹೊರದ ಹರಕೆಯಿಲ್ಲ. ಯೋಗ ಮಾಡಿದರೆ ಆಗುತ್ತದಂತೆ ಎಂದು ಯಾರೋ ಅಂದರು, ಅದಕ್ಕೇ ಸೇರಿದಳು. ಆಮೇಲೆ ಯೋಗದ ರುಚಿಯೇ ಹತ್ತಿತು ಅನ್ನುವುದು ಬೇರೆ ಮಾತು. ಆದರೂ ಪ್ರತಿ ತಿಂಗಳು ಆ ಮೂರು ದಿನ ಮನೆಯಲ್ಲಿ ಕೂತಾಗ, ಉಳಿದ ಹದಿಮೂರು ಚಾಪೆಗಳ ಮುಂದೆ ‘ಈ ಸಲವೂ ಇಲ್ಲ’ ಎಂದು ಡಂಗುರ ಸಾರಿದ ಹಾಗೆ ನಾಚಿಕೆಯಾಗುತ್ತಿತ್ತು.

ಈ ವರ್ಷ ಅವಳ ಮುಟ್ಟು ನಿಂತಿತು. ಮೊದಲ ತಿಂಗಳು ಉಸಿರು ಬಿಗಿಹಿಡಿದು ಕಾದಳು. ಎರಡನೆಯ ತಿಂಗಳು ಗಂಡನಿಗೂ ಹೇಳದೆ ಡಾಕ್ಟರ ಹತ್ತಿರ ಓಡಿದಳು. ಆಕೆ ಎರಡೆರಡು ಸಲ ರಕ್ತ ಪರೀಕ್ಷೆ ಮಾಡಿಸಿ, ಬಸಿರಲ್ಲ, ಕೆಲವರಿಗೆ ಮುಟ್ಟು ಬೇಗ ನಿಂತುಬಿಡುತ್ತದೆ, ಇನ್ನು ಮಗುವಿನ ಆಸೆ ಬಿಡಬೇಕು ಎಂದರು. ಹಲ್ಲು ಕೀಳುವಷ್ಟು ಹೊತ್ತೂ ಹಿಡಿಯಲಿಲ್ಲ ಆ ಮಾತಿಗೆ. ಭಾನುವಾರ ಮಂಜುನಾಥನಿಗೆ ಹೇಳೋಣ ಎಂದುಕೊಂಡಳು. ಭಾನುವಾರಗಳು ಬಂದವು, ಹೋದವು.

ಒಂದು ಬೆಳಿಗ್ಗೆ ಅವಳು ಮರೀಚ್ಯಾಸನದಲ್ಲಿದ್ದಳು. ಹೊಟ್ಟೆಯನ್ನು ಹಿಂಡಿ ತಿರುಗಿ, ಬೆನ್ನ ಹಿಂದೆ ಎರಡೂ ಕೈ ಕೂಡಿಸಬೇಕಾದ ಆಸನ. ಎರಡು ವರ್ಷದಿಂದ ಅಲ್ಲೇ ಸಿಕ್ಕಿಕೊಂಡಿದ್ದಳು. ಜಾನಕಮ್ಮ ಬಂದು ಸೊಂಟ ಹಿಡಿಯುವ ಬದಲು ಭುಜ ಮುಟ್ಟಿದರು.

“ನಿಲ್ಲಿಸು ಕಣ್ಣೂ, ತಿರುಗಬೇಡ,” ಎಂದು ಕಿವಿಯ ಹತ್ತಿರ ಹೇಳಿದರು. ಮದರಾಸಿನಲ್ಲಿ ಮೂರು ತಲೆಮಾರು ಕಳೆದ ಮನೆತನ, ಕನ್ನಡದೊಳಗೆ ತಮಿಳು ಬೆರೆತೇ ಬರುತ್ತದೆ. “ನೀನು ರಜೆ ಹಾಕಿ ಮೂರು ತಿಂಗಳಾಯ್ತು. ನಂಗೆ ತೆರಿಯಲ್ಲ ಅಂದ್ಕೊಂಡ್ಯಾ? ಏನೂ ಪೇಸಬೇಡ, ಬಾಯಿ ಬಿಡಬೇಡ, ಹೊಟ್ಟೇಲಿರೋದು ಹೊಟ್ಟೇಲೇ ಇರ್ಲಿ. ನಾಳೆಯಿಂದ ಗೋಡೆ ಪಕ್ಕ ಕೂತು ಮೆದುವಾ ಉಸಿರು ಮಾತ್ರ ತಗೋ.”

‘ಇಲ್ಲ ಮಾಮಿ’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಒರಟು ಕೈ ಅವಳ ತಲೆ ಸವರುತ್ತಿತ್ತು. ಹಾಗೆ ತಲೆ ಸವರಿಸಿಕೊಳ್ಳಲು ಹದಿನಾರು ವರ್ಷ ಕಾದವಳ ಬಾಯಿಂದ ಮಾತು ಹೇಗೆ ಹೊರಡಬೇಕು? ಅವಳನ್ನು ಬೈಯಲು ನನಗಂತೂ ಮನಸ್ಸು ಬರುವುದಿಲ್ಲ.

ಹನ್ನೊಂದು ದಿನ ಗೋಡೆ ಪಕ್ಕ ಕೂತಳು. ಯಾರೂ ಏನೂ ಕೇಳಲಿಲ್ಲ, ಎಲ್ಲರೂ ಅವಳನ್ನು ನೋಡಿ ಮುಗುಳ್ನಕ್ಕರು. ಪಕ್ಕದ ಚಾಪೆಯ ಅಂಬುಜಾ ಉಪ್ಪು ಖಾರ ಹಚ್ಚಿದ ಮಾವಿನಕಾಯಿ ತಂದುಕೊಟ್ಟಳು. ಅನು ತಿಂದಳು. ಒಂದು ದಿನ ರಸ್ತೆ ದಾಟುವಾಗ ಆಟೋ ಮೈಮೇಲೆ ಬಂದಂತಾಗಿ, ಅವಳ ಕೈ ತಾನಾಗಿ ಹೊಟ್ಟೆಗೆ ಅಡ್ಡ ಹೋಯಿತು. ಆ ಕೈಯನ್ನು ನೋಡಿ ಅವಳಿಗೇ ಭಯವಾಯಿತು.

ಹನ್ನೊಂದನೆಯ ದಿನ ಜಾನಕಮ್ಮ, “ಬರೋ ಗುರುವಾರ ಮಠದಲ್ಲಿ ರಾಯರಿಗೆ ನಿನ್ನ ಹೆಸರಲ್ಲಿ ಸೇವೆ ಮಾಡಿಸ್ತೀನಿ, ನಿನ್ನ ನಕ್ಷತ್ರ ಹೇಳು,” ಎಂದರು. ಮನುಷ್ಯರ ಮುಂದೆ ಸುಮ್ಮನಿದ್ದದ್ದಾಯಿತು, ರಾಯರ ಮುಂದೆಯೂ ಹೇಗೆ? ಬಿಸಿತುಪ್ಪ ನುಂಗುವಂತೆಯೂ ಇಲ್ಲ, ಉಗುಳುವಂತೆಯೂ ಇಲ್ಲ. ಬಾಯಿ ಬಿಡದೆ ತಿಳಿಸಲು ಆ ಶಾಲೆಯಲ್ಲಿ ಒಂದೇ ದಾರಿಯಿತ್ತು. ಶುಕ್ರವಾರ ಅವಳು ಹೋಗಲಿಲ್ಲ. ಶನಿವಾರ ಶಾಲೆಗೇ ರಜೆ. ಭಾನುವಾರವೂ ಹೋಗಲಿಲ್ಲ. ಮುಟ್ಟು ತಡವಾಗಿ ಬಂತು, ಅಷ್ಟೇ ಎಂದು ಮಾಮಿ ತಿಳಿದುಕೊಳ್ಳುತ್ತಾರೆ, ವಿಷಯ ತಣ್ಣಗಾಗುತ್ತದೆ ಎಂಬುದು ಅವಳ ಲೆಕ್ಕ. ಮೂರು ತಿಂಗಳ ಮೇಲೆ ಬರುವ ಆ ರಜೆಗೆ ಹೆಂಗಸರು ಬೇರೆ ಅರ್ಥ ಮಾಡುತ್ತಾರೆಂದು ಅವಳಿಗೆ ಹೊಳೆಯಲೇ ಇಲ್ಲ.

ಭಾನುವಾರ ಹತ್ತು ಗಂಟೆಗೆ ಜಾನಕಮ್ಮ ಜೀರಿಗೆ ಸಾರು, ಅನ್ನ ಹಿಡಿದು ಮನೆಗೇ ಬಂದರು. ಬಾಗಿಲು ತೆರೆದವನು ಮಂಜುನಾಥ್. ಅಡುಗೆಮನೆಯಲ್ಲಿದ್ದ ಅನುವಿಗೆ ಅವರ ಮಾತು ಕೇಳಿಸಿತು.

“ನೀವು ಧೈರ್ಯವಾಗಿರಬೇಕು. ಮೂರು ತಿಂಗಳದ್ದು ಹೋಗೋದು ಎಷ್ಟೋ ಜನಕ್ಕೆ ಆಗತ್ತೆ. ಅವಳನ್ನ ಒಂದು ಮಾತೂ ಅನ್ನಬೇಡಿ. ತಪ್ಪು ನಂದು. ತಿಳಿಯದೆ ಈ ಕೈಯಿಂದಲೇ ಅವಳ ಸೊಂಟ ಹಿಡಿದು ತಿರುಗಿಸಿದೆ.”

ಅವರು ಹೋದ ಮೇಲೆ ಮಂಜುನಾಥ್ ಅಡುಗೆಮನೆಯ ಬಾಗಿಲಲ್ಲಿ ನಿಂತ. ಸಾರಿನ ಪಾತ್ರೆ ಕೈಯಲ್ಲೇ ಇತ್ತು.

“ನಂಗ್ಯಾಕೆ ಹೇಳ್ಲಿಲ್ಲ ಅನು?”

“ರೀ, ಅದು...”

“ಇರ್ಲಿ ಬಿಡು, ಅಳಬೇಡ.” ಅವನು ಸ್ಟೂಲಿನ ಮೇಲೆ ಕುಸಿದು ಕೂತ. “ನಮ್ಗೆ ಆಗೋದೇ ಇಲ್ಲ ಅಂದ್ಕಂಡಿದ್ದೆ. ಇಷ್ಟು ವರ್ಷ ನನ್ನಲ್ಲೇ ಏನೋ ಐಬು ಅಂತ ಕೊರಗ್ತಿದ್ದೆ. ಒಂದ್ಸಲನಾದ್ರೂ ಆಗಿತ್ತಲ್ಲ. ಆಗಿತ್ತು ತಾನೆ?”

ಹದಿನಾರು ವರ್ಷದಲ್ಲಿ ಅವನು ಅತ್ತದ್ದನ್ನು ಅನು ನೋಡಿದ್ದು ಅದೇ ಮೊದಲು.

“ಹೂಂ,” ಅಂದಳು. ಅಂದೇ ಮಧ್ಯಾಹ್ನ, ಅವನು ಮಲಗಿದ್ದಾಗ, ಡಾಕ್ಟರು ಕೊಟ್ಟ ವರದಿಯನ್ನು ಹರಿದು ಹಾಕಿದಳು.

ಮರುದಿನ ಎಲ್ಲರಿಗಿಂತ ಮುಂಚೆ ಶಾಲೆಗೆ ಹೋದಳು. ಗಂಡನಿಗೆ ಹೇಳಲಾಗದಿದ್ದರೂ ಈ ಮುದುಕಿಯ ತಲೆಯ ಮೇಲಿನ ಭಾರವನ್ನಾದರೂ ಇಳಿಸಬೇಕಿತ್ತು. ಜಾನಕಮ್ಮ ದೀಪ ಹಚ್ಚುತ್ತಿದ್ದರು.

“ಮಾಮಿ, ಏನೂ ಆಗಿರಲಿಲ್ಲ. ಬಸಿರೇ ಇರಲಿಲ್ಲ. ನಂಗೆ ಮುಟ್ಟೇ ನಿಂತುಹೋಗಿದೆ. ನಿಮ್ಮ ಕೈಯಿಂದ ಏನೂ ತಪ್ಪಾಗಿಲ್ಲ.”

ಜಾನಕಮ್ಮ ದೀಪದ ಬತ್ತಿಯನ್ನು ಮುಂದಕ್ಕೆ ಸರಿಸಿದರು.

“ನನ್ನ ಸಮಾಧಾನಕ್ಕೆ ಸುಳ್ಳು ಹೇಳಬೇಡ ಕಣ್ಣೂ,” ಎಂದರು. “ನಿನ್ನೆ ಸಾಯಂಕಾಲ ನಿನ್ನ ಗಂಡ ಫೋನ್ ಮಾಡಿದ್ರು. ನೀನೇ ಒಪ್ಪಿಕೊಂಡ್ಯಂತೆ. ನನ್ನ ಮೇಲೆ ಕೋಪ ಇಲ್ಲ ಅಂದ್ರು. ನೀವಿಬ್ಬರೂ ಒಳ್ಳೆಯವರು.”

ಅನು ಮತ್ತೆ ಹೇಳಿದಳು, ಆಣೆ ಹಾಕಿದಳು. ತೋರಿಸೋಣವೆಂದರೆ ಕಾಗದವಿಲ್ಲ. ಅಷ್ಟರಲ್ಲಿ ಮಿಕ್ಕವರು ಬಂದರು. ಮಾತು ನಿಂತು ಚಾಪೆಗಳು ಬಿದ್ದವು.

ಮರೀಚ್ಯಾಸನದಲ್ಲಿ ಅವಳ ಬೆರಳುಗಳು ಬೆನ್ನ ಹಿಂದೆ ಒಂದು ಅಂಗುಲ ದೂರದಲ್ಲಿ ನಿಂತವು. ಜಾನಕಮ್ಮ ಹತ್ತಿರವೇ ಬಂದರು. ಬಂದು, ತಮ್ಮೆರಡೂ ಕೈಗಳನ್ನು ಸೀರೆಯ ಸೆರಗಿನೊಳಗೆ ಸುತ್ತಿಕೊಂಡು ನಿಂತರು. ಅಂದು ಅಲ್ಲಿ ಯಾರ ಸೊಂಟವನ್ನೂ ಅವರು ಹಿಡಿಯಲಿಲ್ಲ, ಆಮೇಲೂ ಹಿಡಿದಿಲ್ಲ.