ಚೀಲ ಕಾಯುವ ದೊಡ್ಡವ್ವ

ನಮ್ಮ ಮನೆಯವರು ಎಲ್ಲಿಗೆ ಹೊರಟರೂ ಚೀಲ ಕಾಯುವ ಕೆಲಸ ದೊಡ್ಡವ್ವನದು. ಹಾಗಂತ ಯಾರೂ ಯಾವತ್ತೂ ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ದೊಡ್ಡವ್ವ ಎಂದರೆ ಜಗದೇವಿ, ನನ್ನ ದೊಡ್ಡಪ್ಪ ಗುರುಶಾಂತಪ್ಪನವರ ಹೆಂಡತಿ. ಕೊಹಿನೂರು ಎಂಬ ಹಳ್ಳಿಯ ಒಕ್ಕಲುತನದ ಮನೆಯಿಂದ ಮಾಣಿಕನಗರದ ನಮ್ಮ ಕಾಯಿ-ಕರ್ಪೂರದ ಅಂಗಡಿ ಮನೆಗೆ ಹಿರಿಸೊಸೆಯಾಗಿ ಬಂದವಳು. ತುಳಜಾಪುರಕ್ಕೆ ಹೋದಾಗ ನಮ್ಮೆಲ್ಲರ ದರ್ಶನ ಮುಗಿಯುವತನಕ ಚೀಲ, ಚಪ್ಪಲಿಗಳ ನಡುವೆ ಕೂತಿದ್ದಳು. ಅವಳು ಏಳಬೇಕೆನ್ನುವಾಗ ಡ್ರೈವರ್ ಹಾರನ್ ಬಾರಿಸಿದ. ಶ್ರೀಶೈಲದಲ್ಲೂ ಇದೇ ಕತೆ. "ಇರ್ಲಿ ಬಿಡ್ರಿ, ದೇವ್ರು ಎಲ್ಲಿ ಓಡಿ ಹೋಗ್ತಾನ" ಎಂದು ಅವಳೇ ನಮಗೆ ಸಮಾಧಾನ ಹೇಳುತ್ತಾಳೆ. ನನಗೆ ಮೈಯೆಲ್ಲ ಉರಿಯುತ್ತದೆ.

ಈ ಸಲ ಅಂಡಮಾನಿಗೆ ಹೋಗುವುದೆಂದು ಗೊತ್ತಾದಾಗ ಅವಳಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದೆ. ತಳಕ್ಕೆ ಗಾಜು ಹಾಕಿದ ದೋಣಿ, ಗಾಜಿನ ಕೆಳಗೆ ಹಳದಿ, ನೀಲಿ ಮೀನುಗಳ ಹಿಂಡು. ಯಾವತ್ತೂ ಏನೂ ಬೇಡದ ದೊಡ್ಡವ್ವ ಅದನ್ನು ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದಳು.

"ಸ್ನೇಹಲ್, ಇದೊಂದು ಕಣ್ತುಂಬ ನೋಡ್ಬೇಕವ್ವ ನಾ" ಎಂದಳು.

ತೋರಿಸಿಯೇ ತೀರುತ್ತೇನೆಂದು ಅವತ್ತೇ ನಿಶ್ಚಯಿಸಿದೆ.

ದ್ವೀಪದಲ್ಲಿ ಜೋಳ ಸಿಗುವುದಿಲ್ಲವೆಂದು ಕಡಕ್ ರೊಟ್ಟಿ, ಅವಲಕ್ಕಿ ಚೂಡಾ, ಹಸಿರು ಚೀಲದ ತುಂಬ ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿ, ಎಲ್ಲ ತುಂಬಿಕೊಂಡು ಹೋಗಿದ್ದೆವು. ಮೊದಲ ದಿನ ದೀಪಸ್ತಂಭ ಹತ್ತಿದೆವು. ದೊಡ್ಡವ್ವ ಕೆಳಗೆ ಕೂತಳು. ಮರುದಿನ ಸುಣ್ಣಕಲ್ಲಿನ ಗುಹೆ, ಅವಳು ಹೊರಗೆ. ಮೂರನೆಯ ದಿನ ಮಧ್ಯಾಹ್ನ ಸಮುದ್ರದಂಡೆಗೆ ಬಂದರೆ ನೀರು ನವಿಲಿನ ಕತ್ತಿನ ಬಣ್ಣದ್ದು, ಮರಳು ಅಚ್ಚ ಬಿಳಿ. ಅಷ್ಟು ಚೆಂದದ ಜಾಗದಲ್ಲಿ ನಿಂತು ನಾನು ಹಲ್ಲು ಕಡಿಯುತ್ತಿದ್ದೆ. ಗಾಜಿನ ದೋಣಿ ಸಿದ್ಧವಾಗಿತ್ತು. ಗಾಳಿ ಏಳುತ್ತಿದೆ, ಇದೇ ಕೊನೆಯ ಸುತ್ತು ಎಂದ ದೋಣಿಯವನು.

"ಜಗದೇವಿ, ನೀ ಇಲ್ಲೇ ಕೂಡು. ಸಾಮಾನ ನೋಡ್ಕೊ" ಎಂದರು ದೊಡ್ಡಪ್ಪ.

ನನಗೆ ತಡೆಯಲಾಗಲಿಲ್ಲ. "ಯಾಕ್ರಿ ದೊಡ್ಡಪ್ಪ, ಪ್ರತಿ ಸಲ ದೊಡ್ಡವ್ವನೇ ಯಾಕ? ನಾ ಕೂಡ್ತೀನಿ, ಆಕಿ ಹೋಗ್ಲಿ."

"ನಾ ಏನ್ ಬ್ಯಾಡ ಅಂದೀನೇನ? ಆಕಿಗಿ ನೀರ ಕಂಡ್ರ ಅಂಜಿಕಿ."

"ಹಂಗಂತ ನಿಮಗ ಯಾರ ಹೇಳ್ಯಾರ್ರಿ?" ದೊಡ್ಡವ್ವ ಮೆಲ್ಲಗೆ ಕೇಳಿದಳು. ದೊಡ್ಡಪ್ಪ ದೋಣಿಯತ್ತ ನಡೆದರು.

ಅವಳಿಗೆ ಕಿತ್ತಳೆ ಬಣ್ಣದ ಜಾಕೆಟ್ಟು ತೊಡಿಸಿ, ನಾನೇ ಕೈಹಿಡಿದು ದೋಣಿ ಹತ್ತಿಸಿದೆ. ಚೀಲಗಳ ಪಕ್ಕ ಕೂತು ನೋಡಿದೆ. ಸ್ವಲ್ಪ ದೂರ ಹೋಗಿ ದೋಣಿ ನಿಂತಿತು. ಎಲ್ಲರ ತಲೆಗಳೂ ಗಾಜಿನತ್ತ ಬಗ್ಗಿದವು. ದೊಡ್ಡವ್ವ ಒಬ್ಬಳೇ ದಂಡೆಯ ಕಡೆ ತಿರುಗಿ ಕೈಬೀಸತೊಡಗಿದಳು. ನನಗೆ ಹಿಗ್ಗೋ ಹಿಗ್ಗು. ನಾನೂ ಬೀಸಿದೆ. ಅವಳು ಇನ್ನೂ ಜೋರಾಗಿ ಬೀಸಿದಳು. ಫೋಟೊ ಮೇಲೆ ಫೋಟೊ ತೆಗೆದೆ.

ಇಳಿದವಳೇ ದಡದಡ ಬಂದು ಬೈದಳು. "ಹಸಿರ ಚೀಲಕ್ಕ ಬಿಸಲ ಬಡ್ಯಾಕತ್ತದ, ನೆರಳಿಗಿ ಸರಸು ಅಂತ ಕೈ ಮಾಡಾಕತ್ತೀನಿ, ನೀ ನಕ್ಕೋತ ಕುಂತೀದಿ! ಹಿಂಡಿ ಎಣ್ಣಿ ಬಿಡ್ತದಲ್ಲ!"

"ಹಾಳಾಗಿ ಹೋಗ್ಲಿ ಹಿಂಡಿ! ಮೀನ ನೋಡ್ದಿ ಇಲ್ಲೋ?"

ಅವಳು ಬಗ್ಗಿ ಹಸಿರು ಚೀಲವನ್ನು ನೆರಳಿಗೆ ಎಳೆದಳು. ಅಷ್ಟರಲ್ಲಿ ದೊಡ್ಡಪ್ಪ ತಾವು ತೆಗೆದ ವಿಡಿಯೊ ಹಿಡಿದು ಬಂದರು. ಹಳದಿ ಮೀನು, ನೀಲಿ ಮೀನು, ಪಟ್ಟೆ ಪಟ್ಟೆಯ ಮೀನು. ಗಾಜಿನ ಅಂಚಿನಲ್ಲಿ ಕಾಲುಂಗುರದ ಎರಡು ಪಾದ.

"ಇವು ನಾ ಕುಂತಿದ್ದ ದೋಣ್ಯಾಗಿನವೇ ಏನ್ರಿ?"

"ನಿನ್ನ ಕಾಲಬುಡಕ್ಕೇ ಇದ್ದವಲ್ಲ!" ಎಂದು ದೊಡ್ಡಪ್ಪ ನಕ್ಕರು.

ದೋಣಿಯವನು ಆಗಲೇ ದೋಣಿಯನ್ನು ಮರಳಿಗೆ ಎಳೆದು ಹಗ್ಗ ಕಟ್ಟುತ್ತಿದ್ದ. ದೊಡ್ಡವ್ವ ಅದನ್ನೇ ನೋಡುತ್ತ ಚೀಲಗಳ ಪಕ್ಕ ಕುಸಿದು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ಭಾಳ ಆಸೆ ಇತ್ತವ್ವ" ಎಂದಳು. "ಹೋದ್ರೂ ನನಗ ನೋಡಾಕೇ ಬರ್ಲಿಲ್ಲ."