ಮಾವನ ಮೀಸೆ ಸಿಡಿದದ್ದು

ನಾನು ಮೈಸೂರಿನ ಒಂದು ಕಲಾ ಕಾಲೇಜಿನಲ್ಲಿ ಜೇಡಿಮಣ್ಣಿನ ಶಿಲ್ಪ ಕಲಿಸುತ್ತೇನೆ. ಕಲಿಸುವುದು ಅಂದರೆ ಹೆಚ್ಚೇನಿಲ್ಲ. ಒಳಗೆ ಟೊಳ್ಳು ಮಾಡಿ, ಪೂರ್ತಿ ಒಣಗಿಸಿ, ಅವಸರ ಮಾಡಬೇಡಿ. ವರ್ಷಗಟ್ಟಲೆ ಇಷ್ಟನ್ನೇ ಹೇಳಿಕೊಂಡು ಸಂಬಳ ತೆಗೆದುಕೊಳ್ಳುತ್ತಿದ್ದೇನೆ. ಕ್ಯಾಂಟೀನಿನಲ್ಲಿ ಟೀ ತಡವಾದಾಗ ವಿದ್ಯಾರ್ಥಿಗಳು ನನ್ನದೇ ದನಿಯಲ್ಲಿ 'ಅವಸರ ಮಾಡಬೇಡಿ' ಎಂದು ಅಣಕಿಸುವುದು ನನಗೆ ಗೊತ್ತು. ಅದನ್ನೂ ನಾನು ಗೌರವವೆಂದೇ ತಿಳಿದಿದ್ದೆ.

ಮದುವೆಯಾಗಿ ಸೇರಿದ್ದು ಕಂಪಲಾಪುರದ ಹತ್ತಿರದ ಒಂದು ಊರನ್ನು. ಮಾವ ಹೊಗೆಸೊಪ್ಪು ಬಿಟ್ಟು ಶುಂಠಿ, ಜೋಳಕ್ಕೆ ತಿರುಗಿದ ಮೇಲೆ ಸೊಪ್ಪು ಬೇಯಿಸುತ್ತಿದ್ದ ಎತ್ತರದ ಕೋಣೆ, ಬ್ಯಾರನ್, ಖಾಲಿ ಬಿದ್ದಿತ್ತು. "ತಕ್ಕಳವ್ವ, ನಿನ್ ಮಣ್ಣಿನ್ ಕೆಲ್ಸ ಇಲ್ಲೇ ಮಾಡ್ಕೊ" ಎಂದು ಅದನ್ನು ನನಗೆ ಬಿಟ್ಟುಕೊಟ್ಟರು. ಮಣ್ಣು ಸುಡಲು ಅಲ್ಲಿ ಗ್ಯಾಸಿನ ಆವಿಗೆ ಕಟ್ಟಿಸಿಕೊಂಡೆ. ಮೊದಮೊದಲು ಊರಿನವರು ಮಡಕೆ ಕೇಳಿಕೊಂಡು ಬರುತ್ತಿದ್ದರು. ಸಾಲಾಗಿ ನಿಲ್ಲಿಸಿದ್ದ ನನ್ನ ಸೊಟ್ಟ ಆಕೃತಿಗಳನ್ನು ನೋಡಿ, "ಪಾಪ, ಇನ್ನೂ ಕಲೀತಾವ್ಳೆ" ಎಂದುಕೊಂಡು ವಾಪಸಾಗುತ್ತಿದ್ದರು.

ಒಂದು ಬೇಸಿಗೆ ರಜೆಯಲ್ಲಿ ಮಾವ ಬ್ಯಾರನ್ನಿನ ಬಾಗಿಲಿಗೆ ಬಂದು ನಿಂತರು.

"ನಂದೂ ಒಂದು ತಲೆ ಮಾಡವ್ವ. ಸತ್ ಮೇಲೆ ಫೋಟೊಗೆ ಆರ ಆಕ್ತೀರಿ. ಅದೇನು ನಂಗ್ ಕಾಣ್ತದಾ?"

ಮಾವ ಎಂದರೆ ಮೊದಲು ಕಾಣುವುದು ಮೀಸೆ. ಪಿರಿಯಾಪಟ್ಟಣದ ಹರಾಜು ಮಾರುಕಟ್ಟೆಯಲ್ಲಿ ಇಂದಿಗೂ ಅವರನ್ನು 'ಮೀಸೆ ಯಜಮಾನ್ರು' ಎಂದೇ ಕೇಳುತ್ತಾರೆ. ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು, ಮೀಸೆಗೆ ಎಣ್ಣೆ ಹಚ್ಚಿ ಬಂದು ಕೂರುತ್ತಿದ್ದರು. ಕೂತೊಡನೆ ಉಸಿರು ಬಿಗಿಹಿಡಿದು, ನಾಟಕದ ರಾಜನಂತೆ ಹುಬ್ಬೇರಿಸುತ್ತಿದ್ದರು. ನಾನು ಸುಮ್ಮನಿರದೆ, ಚರ್ಮದ ಕೆಳಗಿನ ಮೂಳೆಯನ್ನು ಶಿಲ್ಪಿ ಹೇಗೆ ನೋಡುತ್ತಾನೆ ಎಂದು ಅವರಿಗೂ ಪಾಠ ಶುರುಮಾಡಿದೆ. ಅಷ್ಟರಲ್ಲಿ ಅವರಿಗೆ ನಿದ್ದೆ ಬಂದಿತ್ತು. ನಿಜಕ್ಕೂ ಮುಖ ಸಿಕ್ಕಿದ್ದು ಆಗಲೇ.

ತಲೆ ಚೆನ್ನಾಗಿ ಬಂತು. ಟೊಳ್ಳು ಮಾಡಿ, ನೆರಳಲ್ಲಿ ನಿಧಾನವಾಗಿ ಒಣಗಿಸಿದೆ. ಸುಡುವುದನ್ನು ತೋರಿಸಲು ವಿದ್ಯಾರ್ಥಿಗಳನ್ನೂ ಕರೆದೆ. ಅವರು ಬರುವ ಹಿಂದಿನ ಸಂಜೆ ಮಾವ ತಲೆಯ ಸುತ್ತ ಪ್ರದಕ್ಷಿಣೆ ಹಾಕಿದರು.

"ಕಣ್ಣು ನಂದೇ ಕಣವ್ವ. ಮೀಸೆ ಮಾತ್ರ ಬಡಕಲಾಯ್ತು. ಇನ್ನೊಸಿ ದಪ್ಪ ಮಾಡು."

ಒಣಗಿದ ಮಣ್ಣಿನ ಮೇಲೆ ಹಸಿ ಮಣ್ಣು ಮೆತ್ತಬಾರದು, ಸುಡುವಾಗ ಸಿಡಿಯುತ್ತದೆ. ಇದು ನಾನು ಮೊದಲ ವರ್ಷದವರಿಗೆ ಮೊದಲ ವಾರವೇ ಹೇಳುವ ಮಾತು. ಆದರೆ 'ಕಣ್ಣು ನಂದೇ' ಎಂಬಂಥ ವಿಮರ್ಶೆ ನನಗೆ ಅದುವರೆಗೆ ಯಾರಿಂದಲೂ ಸಿಕ್ಕಿರಲಿಲ್ಲ. 'ಮೀಸೆಯೂ ನಂದೇ' ಎನ್ನಿಸಿಕೊಳ್ಳುವ ಆಸೆಗೆ ಒಂದು ಹಿಡಿ ಹಸಿ ಮಣ್ಣು ತೆಗೆದು ಮೆತ್ತಿ, ಹುರಿ ಮಾಡಿದೆ. ಮಾವ ತಮ್ಮ ಮೀಸೆಯನ್ನೊಮ್ಮೆ, ಮಣ್ಣಿನದನ್ನೊಮ್ಮೆ ಸವರಿ ನೋಡಿ ಊಟಕ್ಕೆ ಹೋದರು.

ಬೆಳಿಗ್ಗೆ ವಿದ್ಯಾರ್ಥಿಗಳು ಬಂದರು. ಆವಿಗೆ ಹೊತ್ತಿಸಿ, ಸೊಂಟದ ಮೇಲೆ ಕೈಯಿಟ್ಟು, "ಶಿಲ್ಪಿಗೆ ಬೇಕಾದ್ದು ಪ್ರತಿಭೆ ಅಲ್ಲ, ತಾಳ್ಮೆ" ಎಂದು ಆರಂಭಿಸಿದೆ. ಒಳಗೆ 'ಡಬ್' ಎಂದಿತು.

"ಮೇಡಂ, ಏನದು ಶಬ್ದ?" ಎಂದಳು ಒಬ್ಬಳು.

"ಇಟ್ಟಿಗೆ ಬಿಸಿಯಾಗ್ತಿದೆ ಅಷ್ಟೆ" ಎಂದೆ. ಮತ್ತೆ 'ಡಬ್' ಎಂದಿತು. ಎಲ್ಲರೂ ಬಹಳ ಮರ್ಯಾದೆಯಿಂದ ನೆಲ ನೋಡಿದರು.

ಆವಿಗೆ ಆರಿ, ಬಾಗಿಲು ತೆಗೆದದ್ದು ಮರುದಿನ, ವಿದ್ಯಾರ್ಥಿಗಳೆಲ್ಲ ಹೋದ ಮೇಲೆ. ಪಕ್ಕದಲ್ಲಿ ಮಾವ ಇದ್ದರು. ತಲೆಗೆ ಒಂದು ಬಿರುಕೂ ಇಲ್ಲ. ಮೀಸೆ ಮಾತ್ರ ಚೂರುಚೂರಾಗಿ ಕೆಳಗೆ ಬಿದ್ದಿತ್ತು. ಬೋಳು ತುಟಿಯ ಆ ಮುಖವನ್ನು ಮಾವ ದಿಟ್ಟಿಸಿ, "ಇದ್ಯಾರವ್ವ?" ಎಂದರು. ನಾನು ಬಗ್ಗಿ ಮೀಸೆಯ ಚೂರುಗಳನ್ನು ಆಯತೊಡಗಿದೆ.

ಅಷ್ಟರಲ್ಲಿ ಊಟಕ್ಕೆ ಕರೆಯಲು ಅತ್ತೆ ಬಂದರು. ಮಣ್ಣಿನ ರಾಡಿ ಎಂದು ಬ್ಯಾರನ್ನಿನ ಹೊಸಿಲು ತುಳಿಯದವರು ಅಂದು ಒಳಗೇ ಬಂದು, ತಲೆಯನ್ನು ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದರು. ನಗು ತಡೆಯಲಾಗದೆ ಮಣ್ಣಿನ ಮೂಟೆಯ ಮೇಲೆ ಕೂತೇಬಿಟ್ಟರು.

"ನನ್ನ ನೋಡಾಕ್ ಬಂದಾಗ ಇಂಗೇ ಇದ್ರು ಕಣವ್ವ ನಿಮ್ಮಾವ. ಮೀಸೆ ಇನ್ನೂ ಸರ್ಯಾಗ್ ಬಂದಿರ್ನಿಲ್ಲ. ನಮ್ಮವ್ವ, 'ಈ ಉಡುಗಂಗಾ ಎಣ್ ಕೊಡಾದು' ಅಂದ್ಲು. ನಾನೇ ಅಡ್ಗೆಮನೇಲಿ, 'ಇರ್ಲಿ ಬುಡವ್ವ, ಮೊಕ ಚೆಂದಾಗದೆ' ಅಂದಿದ್ದು."

ಮಾವ ಅತ್ತೆಯ ಕಡೆ ತಿರುಗಿದರು. "ನೀನ್ ಅಂದಿದ್ದಾ?"

"ಊಂ."

"ನಮ್ಮಪ್ಪನ್ ಜಮೀನ್ ನೋಡಿ ಒಪ್ಕಂಡ್ರು ಅನ್ಕಂಡಿದ್ದೆ ಕಣೆ ನಾನು."

ಇಷ್ಟು ವರ್ಷ ಹಾಗೆಂದೇ ನಂಬಿದ್ದರಂತೆ. ಅವರು ನಾಚಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಹೊಸ ಮೀಸೆ ಅಂಟಿಸಿಕೊಡುತ್ತೇನೆಂದು ನಾನು ತೊದಲಿದೆ. ಅತ್ತೆ ಬಿಡಲಿಲ್ಲ. "ಇದು ನಂದು. ನಿಮ್ಮಾವಂಗೆ ಬೇಕಾರೆ ಇನ್ನೊಂದ್ ಮಾಡ್ಕೊಡು" ಎಂದು ತಲೆಯನ್ನು ಎತ್ತಿಸಿಕೊಂಡು ಹೋಗಿ ತಮ್ಮ ಕೋಣೆಯಲ್ಲಿ ಇಟ್ಟುಕೊಂಡರು.

ಮುಂದೆ ಕಾಡಿಬೇಡಿ ಅದನ್ನೇ ಮೈಸೂರಿನ ಪ್ರದರ್ಶನವೊಂದಕ್ಕೆ ಒಯ್ದೆ. ಹಿರಿಯ ಕಲಾವಿದರೊಬ್ಬರು ಬೋಳು ತುಟಿಯ ಒರಟು ಗುರುತಿನ ಮುಂದೆ ಬಹಳ ಹೊತ್ತು ನಿಂತು, ಗಂಡಸುತನದ ಅಹಂಕಾರವನ್ನು ನಾನು ಎಷ್ಟು ಧೈರ್ಯವಾಗಿ ಕಿತ್ತು ಹಾಕಿದ್ದೇನೆ ಎಂದು ವಿವರಿಸಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಹಿಂದೆ ನಿಂತಿದ್ದ ನನ್ನ ವಿದ್ಯಾರ್ಥಿಗಳಿಗೆ ಏಕಕಾಲಕ್ಕೆ ಕೆಮ್ಮು ಬಂತು.

ಎರಡನೆಯ ತಲೆಯನ್ನು ಮೀಸೆ ಸಮೇತ ಸರಿಯಾಗಿಯೇ ಸುಟ್ಟುಕೊಟ್ಟೆ. ಅದು ಜಗಲಿಯಲ್ಲಿದೆ. ಬಂದವರಿಗೆಲ್ಲ ಮಾವ ಅದನ್ನು ತೋರಿಸುತ್ತಾರೆ. ಆದರೆ ಮೂಗು ತಮ್ಮ ಅಣ್ಣನದಾಗಿದೆ ಎಂಬ ತಕರಾರು ಇನ್ನೂ ಇದೆ. ನೋಡಿದರೆ ಹೌದು ಅನ್ನಿಸುತ್ತದೆ. ನಾನು ಒಪ್ಪಿಕೊಂಡಿಲ್ಲ.