ಕಾಕೂ ಫ್ರಿಜ್ಜಿನಲ್ಲೊಂದು ಚಳಿಗಾಲ

ನನಗೊಬ್ಬಳು ಸವತಿ ಇದ್ದಳು ಅಂದರೆ ಜನ ನಗುತ್ತಾರೆ. ನಗಲಿ, ಇದ್ದಳು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣವಳು. ಮೈಮೇಲೆ ಒಂದೇ ಒಂದು ಎಲೆ, ಅರ್ಧ ವರ್ಷ ಅದೂ ಇಲ್ಲ. ಹೆಸರು ಪ್ಲಿಯೋನ್. ಎತ್ತರದ ಗುಡ್ಡಗಳ ಚಳಿಯಲ್ಲಿ, ಪಾಚಿ ಹಿಡಿದ ಬಂಡೆಗಳ ಮೇಲೆ ಬೆಳೆಯುವ ಆರ್ಕಿಡ್ ಅದು.

ನಮ್ಮ ಮನೆಯವರದು ಸರ್ಕಾರಿ ಕಚೇರಿಯೊಂದರಲ್ಲಿ ಗಿಡಗಳ ಚಿತ್ರ ಬರೆಯುವ ಕೆಲಸ. ಮದುವೆಯಾದ ಹೊಸದರಲ್ಲೇ ಈಶಾನ್ಯದ ಗುಡ್ಡಗಾಡಿಗೆ ಹಾಕಿದರು. ಗುಲ್ಬರ್ಗಾದ ಬಿಸಿಲುಂಡು ಬೆಳೆದ ನಾನು ಅಲ್ಲಿ ಸ್ವೆಟರಿನ ಮೇಲೆ ಸ್ವೆಟರ್ ಏರಿಸಿ ಒಲೆ ಬಿಟ್ಟು ಏಳುತ್ತಿರಲಿಲ್ಲ. ಇವರು ಮಾತ್ರ ಆ ಹೂವಿನ ಮುಂದೆ ಬೋರಲು ಮಲಗಿ ಚಿತ್ರ ಬರೆದು, ಅಂಗಿಯೆಲ್ಲ ಒದ್ದೆ ಮಾಡಿಕೊಂಡು, ಗುನುಗುತ್ತ ಮನೆಗೆ ಬರುವರು. ಆಮೇಲೆ ಮಗಳು ಹುಟ್ಟಿದಳು, ಅವಳಿಗೆ ಉಬ್ಬಸ ಗಂಟುಬಿತ್ತು. ಒಣ ಹವೆಗೆ ಒಯ್ಯಿರಿ, ಇಲ್ಲದಿದ್ದರೆ ಮಗುವಿನ ಆಸೆ ಬಿಡಿ ಎಂದರು ಡಾಕ್ಟರು. ಇವರು ಸಿಕ್ಕಸಿಕ್ಕವರ ಕೈಕಾಲು ಹಿಡಿದು ಪುಣೆಗೆ ವರ್ಗ ಮಾಡಿಸಿಕೊಂಡರು. ಎಪ್ಪತ್ತರ ದಶಕದ ನಡುವಿನ ಮಾತು ಇದು. ಬರುವಾಗ ಬಿಸ್ಕೀಟಿನ ಡಬ್ಬಿಯಲ್ಲಿ ಪಾಚಿ ಹಾಸಿ ನಾಲ್ಕಾರು ಗೆಡ್ಡೆ ತಂದರು. ನನ್ನ ಹಿತ್ತಾಳೆ ಪಾತ್ರೆಗಳಿಗೆ ಟ್ರಂಕಿನಲ್ಲಿ ಜಾಗ ಇರಲಿಲ್ಲ, ಆ ಡಬ್ಬಿಗೆ ಇವರ ಮಡಿಲಲ್ಲೇ ಜಾಗ.

ಶಿವಾಜಿನಗರ ಸ್ಟೇಷನ್ನಿನ ಹಿಂದೆ ಒಂದು ಹಳೇ ವಾಡೆಯ ಮಾಳಿಗೆಯಲ್ಲಿ ಎರಡು ಕೋಣೆ ಸಿಕ್ಕವು. ಕೆಳಗೆ ಮನೆಯೊಡತಿ, ಎಲ್ಲರೂ ಕಾಕೂ ಎನ್ನುತ್ತಿದ್ದ ಮರಾಠಿ ಹೆಂಗಸು. ವರ್ಷ ತುಂಬುವುದರೊಳಗೆ ಮಗಳು ಮೆಟ್ಟಿಲು ಹತ್ತಿಳಿದು ಕುಣಿಯತೊಡಗಿದಳು. ಸೊರಗಿದವರು ಇವರು. ಈ ಕಚೇರಿಯಲ್ಲಿ ಬರೆಯಲು ಸಿಗುತ್ತಿದ್ದವು ಕಾಗದಕ್ಕೆ ಅಂಟಿಸಿದ ಒಣಗಿಡಗಳು. ಸಂಜೆ ಬಂದು ಚಹಾ ಕುಡಿದು ಗೋಡೆ ನೋಡುತ್ತ ಕೂಡುವರು. ಎಷ್ಟು ಕೆಣಕಿದರೂ ಜಗಳಕ್ಕೆ ಬರುತ್ತಿರಲಿಲ್ಲ. ನಾನೋ ಜಗಳಗಂಟಿ, ಒಬ್ಬಳೇ ಆಡಿ ಆಡಿ ಸುಸ್ತಾಗುತ್ತಿದ್ದೆ.

ಬಂದ ಹೊಸದರಲ್ಲಿ ಒಮ್ಮೆ ನಗುತ್ತ, "ಇದು ಇಲ್ಲಿ ಹೂ ಬಿಟ್ರ ನಾನೂ ಇಲ್ಲೇ ಬೇರ ಬಿಡ್ತೀನಿ ನೋಡ" ಅಂದಿದ್ದರು. ಚೇಷ್ಟೆಗೆ ಅಂದದ್ದಿರಬಹುದು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಎರಡು ವರ್ಷ ಎಲೆ ಬಂತು, ಹೂ ಬರಲಿಲ್ಲ. ಯಾಕೆಂದು ಕೇಳಿದೆ. "ದೀಪಾವಳಿ ಆದ ಮ್ಯಾಲ ಎಲಿ ಉದುರಿಸಿ ಮಲಗ್ತದ. ಆಗ ನೀರ ಬ್ಯಾಡ, ಬರೇ ಥಂಡಿ ಬೇಕು. ಇಲ್ಲಿ ರಾತ್ರಿ ಥಂಡಿ, ಹಗಲ ಸುಡು ಬಿಸಲ. ನಿದ್ದಿನ ಆಗೂದಿಲ್ಲ ಅದಕ್ಕ."

ಅದೇ ಚಳಿಗಾಲದಲ್ಲಿ ಗುಡ್ಡದ ಕಚೇರಿಯ ಇವರ ಹಳೆಯ ಸಾಹೇಬರು ಪುಣೆಗೆ ಬಂದರು. ನಿನ್ನ ಜಾಗ ಇನ್ನೂ ಖಾಲಿ ಇದೆ, ಮಾರ್ಚ್ ಮುಗಿಯುವುದರೊಳಗೆ ಹೇಳು ಎಂದು ಹೋದರು. ಊಟಕ್ಕೆ ಕೂತಾಗ ಇವರು ರೊಟ್ಟಿ ಮುರಿಯುತ್ತ, "ನಾ ಒಬ್ಬನ ಹೋಗಿ ಬರ್ತೀನಿ. ನೀವಿಬ್ಬರೂ ಇಲ್ಲೇ ಇರ್ರಿ" ಎಂದರು.

"ಹೋಗಿ ಬರೂದಂದ್ರ? ಸಂತಿಗೇನ್ರಿ?"

ಇವರು ಇನ್ನೊಂದು ರೊಟ್ಟಿಗೆ ಕೈ ಚಾಚಿದರು. ಮಗಳನ್ನು ಕಟ್ಟಿಕೊಂಡು ಆ ಚಳಿಗೆ ನಾನು ಹೋಗುವಂತಿರಲಿಲ್ಲ. ಇವರು ಹೋದರೆ ಮರಳಿ ಬರುವವರಲ್ಲ ಎಂಬುದೂ ಗೊತ್ತಿತ್ತು. ಅದೇ ವಾರ ಗೆಡ್ಡೆಗಳ ಆ ಬಿಸ್ಕೀಟಿನ ಡಬ್ಬಿಯನ್ನು ಒಯ್ದು ಅಂಗಳದ ಕಸದ ಗುಂಡಿಗೆ ಎಸೆದು ಬಂದರು. ಅದನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು, ಇಲ್ಲಿ ಬೇರೂರುವ ಆಸೆಯನ್ನೇ ಬಿಟ್ಟರಲ್ಲ ಎಂದು.

ಇವರು ಕಚೇರಿಗೆ ಹೋದದ್ದೇ ಕಸ ಕೆದರಿದೆ. ಮೂರು ಗೆಡ್ಡೆ ಗಟ್ಟಿಯಾಗಿದ್ದವು. ವಾಡೆಗೆಲ್ಲ ಫ್ರಿಜ್ಜು ಇದ್ದದ್ದು ಕಾಕೂ ಮನೆಯಲ್ಲಿ ಮಾತ್ರ. ಅದಕ್ಕೆ ಕಸೂತಿ ಬಟ್ಟೆ ಹೊದಿಸಿ, ದಸರೆಗೆ ಕುಂಕುಮ ಹಚ್ಚಿ, ಮಡಿಯಿಂದ ಇಟ್ಟುಕೊಂಡಿದ್ದರು. ಹೊರಗಿನವರ ಪದಾರ್ಥ ಒಳಗೆ ಹೋಗುವಂತಿರಲಿಲ್ಲ. ಔಷಧಕ್ಕಷ್ಟೇ ಅಡ್ಡಿಯಿಲ್ಲ. ಗೆಡ್ಡೆಗಳನ್ನು ಬಟ್ಟೆಯಲ್ಲಿ ಕಟ್ಟಿ ಒಯ್ದು, ಇದು ಗುಡ್ಡದ ಔಷಧ ಎಂದೆ. ಯಾರಿಗೆ ಎಂದರು. ಯಜಮಾನರಿಗೆ ಎಂದೆ. ಸುಳ್ಳು ಹೇಳಿದೆನೆಂದು ನನಗೆ ಅನ್ನಿಸಲೇ ಇಲ್ಲ.

"ಗುಡಘ್ಯಾಲಾ ಚಾಲೇಲ ಕಾ ಗ?" ಎಂದರು ಕಾಕೂ, ಮೊಣಕಾಲಿಗೂ ನಡೆಯುತ್ತದೇನೇ ಎಂದು. ನಡೆಯುವುದಿಲ್ಲ ಎಂದು ತಿಳಿಹೇಳುವಷ್ಟರಲ್ಲಿ ಸಾಕುಬೇಕಾಯಿತು.

ಆ ಚಳಿಗಾಲವಿಡೀ ಅಕ್ಕಿ ಆರಿಸುವ, ಶಾವಿಗೆ ಹೊಸೆಯುವ ನೆವ ಹೂಡಿ ಕಾಕೂ ಮನೆಗೆ ಹೋಗಿ ಕೂಡುತ್ತಿದ್ದೆ. ಕರೆಂಟು ಹೋದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ಮೇಲೆ ಮಾಳಿಗೆಯಲ್ಲಿ ಇವರು ದಿನದಿನಕ್ಕೆ ಹಗುರಾಗುತ್ತಿದ್ದರು, ಹೋಗುವ ನಿರ್ಧಾರ ಆದವರಂತೆ. ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ ಮಗಳ ಮೇಲೆ ರೇಗುತ್ತಿದ್ದೆ. ಫೆಬ್ರವರಿ ಮುಗಿಯುವಾಗ ಗೆಡ್ಡೆಯ ಬುಡದಲ್ಲಿ ಹಸಿರು ಮೊನೆ ಕಂಡಿತು. ಕುಂಡದಲ್ಲಿ ಹುಗಿದು ಕಾಕೂ ಹಿತ್ತಲ ನೆರಳಿಗೆ ಇಟ್ಟೆ. ಎಲೆಗಿಂತ ಮೊದಲು ಮೊಗ್ಗು ಬಂತು.

ಮಾರ್ಚಿನ ಒಂದು ಭಾನುವಾರ ಅರಳಿತು. ತೆಳು ನೇರಳೆ, ಗಿಡಕ್ಕಿಂತ ಹೂವೇ ದೊಡ್ಡದು, ನಡುವಿನ ದಳದ ಅಂಚಿಗೆ ಝಾಲರಿ, ಒಳಗೆ ಕಂದು ಚುಕ್ಕೆ. ಚೆಲುವೆ ಎಂದು ನಾನೂ ಒಪ್ಪಿದೆ. ಕುಂಡ ಹೊತ್ತು ತಂದು ಇವರ ಮುಂದೆ ಇಟ್ಟೆ.

ಇವರು ಬಣ್ಣದ ಡಬ್ಬಿ ತೆಗೆದು ನೆಲದ ಮೇಲೆ ಬೋರಲು ಮಲಗಿದರು. ಎರಡು ವರ್ಷದಲ್ಲಿ ಆ ಡಬ್ಬಿ ಮನೆಯಲ್ಲಿ ತೆರೆದದ್ದು ಅಂದೇ. ಮಗಳು ಬೆನ್ನೇರಿ ಕೂತರೂ ಕುಂಚ ಅಲುಗಲಿಲ್ಲ. ಸ್ವಲ್ಪ ಹೊತ್ತಿಗೆ ಗುನುಗುವುದು ಕೇಳಿಸಿತು. ನಾನು ಅಡಿಗೆಮನೆಯಲ್ಲಿ ನಿಂತು ಅತ್ತೆ. ಗೋಧಿ ಹುಗ್ಗಿ ಮಾಡಿದೆ. ಒಂದು ಬಟ್ಟಲು ಕಾಕೂಗೆ ಕೊಟ್ಟು, ಔಷಧ ನಾಟಿತು ಎಂದೆ. ಕಾಕೂ ಸಂತೋಷದಿಂದ ದೇವರಿಗೆ ಕೈ ಮುಗಿದರು.

ಸಂಜೆ ಇವರು, ಹೇಗೆ ಅರಳಿಸಿದೆ ಎಂದು ಕೇಳಿದರು. ಕಸದ ಗುಂಡಿ, ಕಾಕೂ ಮೊಣಕಾಲು, ಕರೆಂಟು, ಎಲ್ಲ ಹೇಳಿದೆ. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಎಷ್ಟು ದಿನಕ್ಕೆ ಆ ನಗು! ಇನ್ನು ಇವರು ಎಲ್ಲಿಗೂ ಹೋಗುವುದಿಲ್ಲ ಎಂದುಕೊಂಡೆ.

ನಗು ನಿಂತಿತು. ಹೂವಿನ ಕಡೆಯೇ ನೋಡುತ್ತ ಮೆಲ್ಲಗೆ ಕೇಳಿದರು:

"ಇದನ್ನೇನೋ ಫ್ರಿಜ್ಜಿನಾಗ ಇಟ್ಟು ಬದುಕಿಸಿದಿ. ನನ್ನ ಎಲ್ಲಿ ಇಡ್ತಿ?"

ಜಗಳವಾಡಲು ಬಾಯಿ ತೆರೆದೆ. ಇಡೀ ಪುಣೆಯಲ್ಲಿ ಇವರನ್ನು ಇಡುವ ಜಾಗ ನನಗೆ ಹೊಳೆಯಲಿಲ್ಲ. ಇವರು ಬೆಳಗಿನಿಂದ ಗುನುಗಿದ್ದು ನಮ್ಮ ಮನೆಯಲ್ಲಿ ಕೂತಲ್ಲ, ಆ ಗುಡ್ಡದ ಬಂಡೆಯ ಮೇಲೆ ಮಲಗಿ ಎಂಬುದು ಆಗ ಅರ್ಥವಾಯಿತು. ಹುಗ್ಗಿಯ ತಟ್ಟೆ ಎತ್ತುತ್ತ, "ಯಾವಾಗ ಹೋಗ್ತೀರಿ?" ಎಂದೆ.

ಇವರು ಥಟ್ಟನೆ ತಲೆಯೆತ್ತಿದರು. ಆಗ ಆ ಮುಖದಲ್ಲಿ ಕಂಡ ಸಂತೋಷವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.